ತೆರೆಯ ಮೇಲಿನ ತಮ್ಮ

ಸ್ಯಾನ್ ಪೀಡ್ರೊ
೧೪ ಆಗಸ್ಟ್ ೧೯೪೯

ವಿಂಕೊ,

ಆಶೀರ್ವಾದ, ಕ್ಷೇಮಸಮಾಚಾರ ಯಾವುದೂ ಇಲ್ಲ. ನಿನ್ನೆ ನಮ್ಮ ಮೀನಿನ ಡಬ್ಬಿ ಕಾರ್ಖಾನೆಯ ಹೆಂಗಸರ ಜೊತೆ ಲಾಸ್ ಏಂಜಲೀಸ್‌ಗೆ ಹೋಗಿ ನಿನ್ನ ಸಿನಿಮಾ ನೋಡಿ ಬಂದೆ. "ಕಥೆ: ವಿನ್ಸೆಂಟ್ ಕೋಲ್" ಎಂದು ದೊಡ್ಡ ಅಕ್ಷರದಲ್ಲಿ ಬಂದಾಗ ಪಕ್ಕದವಳ ಮೊಣಕೈ ತಿವಿದು, "ನನ್ ತಮ್ಮ ಕಣೇ ಅದು! ಕುಲಿಶಿಚ್ ಅನ್ನೋದು ಸಿನಿಮಾದೋರ ಬಾಯಿಗೆ ಬರಲ್ಲ ಅಂತ ಕೋಲ್ ಮಾಡ್ಕೊಂಡಿದಾನೆ" ಎಂದೆ. ಸ್ವಲ್ಪ ಹೊತ್ತಿಗೇ, ಯಾಕಾದರೂ ಹೇಳಿದೆನೋ ಎಂದು ನಾಲಿಗೆ ಕಚ್ಚಿಕೊಂಡೆ.

ಕೆಟ್ಟ ತಮ್ಮನಿಗೆ ಸ್ಟೀವ್ ಎಂದು ಹೆಸರಿಟ್ಟಿದ್ದೀಯಲ್ಲ, ಪ್ರಪಂಚದಲ್ಲಿ ಬೇರೆ ಹೆಸರೇ ಸಿಗಲಿಲ್ಲವೇ? ನಮ್ಮ ಸ್ಟೀಪೆಯನ್ನು ಬಂದರಿನ ಅರ್ಧ ಜನ ಕರೆಯುವುದೇ ಸ್ಟೀವ್ ಎಂದು. ಮೀನುಗಾರ, ಕದ್ದ ಟೈರು, ಜೈಲು, ಹುಬ್ಬಿನ ಮೇಲೆ ಗಾಯ, ಒಂದನ್ನಾದರೂ ಬಿಟ್ಟಿದ್ದೀಯಾ? ಅಣ್ಣ ಮಾತ್ರ ಬಹಳ ಒಳ್ಳೆಯವನು, ವಕೀಲಿ ಓದುತ್ತಾನೆ, ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಾನೆ. ಅಂಥ ಅಣ್ಣ ನೀರಿಗೆ ಬಿದ್ದು ಹಗ್ಗ ಹಿಡಿದು ಕೂಗುತ್ತಿದ್ದರೆ, ಸ್ಟೀವ್ ನಗುನಗುತ್ತಾ ಚಾಕು ತೆಗೆದು ಹಗ್ಗ ಕಡಿಯುತ್ತಾನೆ. ಅಲ್ಲಿಗೆ ನಾನು ಎದ್ದು ಹೊರಗೆ ಬಂದೆ.

ಸ್ಟೀಪೆಯನ್ನು ನಾನು ದೇವರ ಪಕ್ಕದಲ್ಲಿ ಕೂರಿಸುತ್ತಿಲ್ಲ. ಯುದ್ಧದ ಕಾಲದಲ್ಲಿ ರೇಷನ್ ಟೈರು ಕದ್ದವರ ಲಾರಿ ಓಡಿಸಿದ, ಸಿಕ್ಕಿಬಿದ್ದ, ಜೈಲಿಗೆ ಹೋದ. ಅವನಿಂದ ಅಮ್ಮ ಎಷ್ಟು ಅತ್ತಳೆಂದು ಅದೇ ಮನೆಯಲ್ಲಿದ್ದ ನನಗೆ ಗೊತ್ತು, ನಿನಗೆ ಗೊತ್ತಿಲ್ಲ. ಆದರೆ ಆ ಹುಬ್ಬಿನ ಗಾಯ ಎಲ್ಲಿಂದ ಬಂತು ವಿಂಕೊ? ಅಪ್ಪನ ಹಡಗಿನಿಂದ ನೀರಿಗೆ ಬಿದ್ದವನು ನೀನು. ಹಾರಿದವನು ಅವನು. ಚಿಕ್ಕ ದೋಣಿಯ ಅಂಚು ಹುಬ್ಬಿಗೆ ಬಡಿದು ರಕ್ತ ಸುರಿಯುತ್ತಿದ್ದರೂ ನಿನ್ನ ಅಂಗಿಯ ಕಾಲರ್ ಬಿಡಲಿಲ್ಲ. ಆ ಗಾಯವನ್ನೇ ಬಣ್ಣದಲ್ಲಿ ಬರೆಸಿ ಕೊಲೆಗಾರನ ಮುಖಕ್ಕೆ ಅಂಟಿಸಿದೆಯಲ್ಲ, ಹೇಗೆ ಮನಸ್ಸು ಬಂತು?

ಇನ್ನೊಂದು ವಿಷಯ ನಿನಗೆ ಗೊತ್ತಿರಲಿ. ಸ್ಟೀಪೆ ಹೊರಗಿರುವುದು ಪೆರೋಲಿನ ಮೇಲೆ. ಭೂತಾಯಿ ಮೀನಿನ ಸೀಸನ್ ಶುರುವಾಗುವುದರೊಳಗೆ ಕಾಯಂ ಕೆಲಸ ತೋರಿಸದಿದ್ದರೆ ಮತ್ತೆ ಒಳಗೆ ಕಳಿಸುತ್ತೇನೆಂದು ಅಧಿಕಾರಿ ಹೇಳಿದ್ದಾನೆ. ಜೈಲಿಗೆ ಹೋಗಿ ಬಂದವನಿಗೆ ಈ ಊರಿನಲ್ಲಿ ಕೆಲಸ ಕೊಡಲು ಒಪ್ಪಿದ್ದು ಕ್ಯಾಪ್ಟನ್ ಬಾರ್ಬಾ ಲುಕ್ಷಾ ಒಬ್ಬರೇ. ಅದೂ ಅವರೊಬ್ಬರ ಮಾತಲ್ಲ, ಹಡಗಿನವರೆಲ್ಲ ಹೂಂ ಅನ್ನಬೇಕು, ಒಬ್ಬ ತಲೆ ಅಲ್ಲಾಡಿಸಿದರೂ ಹೊಸಬನಿಗೆ ಊಟದ ಮೇಜಿನಲ್ಲಿ ಜಾಗವಿಲ್ಲ. ಈಗ ಅವರ ಕಿವಿಗೆ ನಿನ್ನ ಸಿನಿಮಾ ಬಿದ್ದಿದೆ.

ಏನು ಹೇಳುತ್ತೀಯೋ ಬರೆ.

ಸದ್ಯಕ್ಕೆ ಇನ್ನೂ ನಿನ್ನ ಅಕ್ಕ,
ಪೆರಿನಾ


ಹಾಲಿವುಡ್
೨೨ ಆಗಸ್ಟ್ ೧೯೪೯

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಓದಿ ಕಿವಿ ಬಿಸಿಯಾಯಿತು. ಅಪ್ಪ ಹೋದ ಮೇಲೆ ನನ್ನನ್ನು ಬೈಯುವವರು ಇಲ್ಲವಲ್ಲ ಎಂದುಕೊಂಡಿದ್ದೆ, ಆ ಕೊರತೆ ನೀಗಿತು.

ಅಕ್ಕ, ಅದು ಕಥೆ. ಇಲ್ಲಿ ಕಥೆ ಹೇಗೆ ತಯಾರಾಗುತ್ತದೆಂದು ಗೊತ್ತಿದ್ದರೆ ನೀನು ಇಷ್ಟು ಕೋಪ ಮಾಡಿಕೊಳ್ಳುತ್ತಿರಲಿಲ್ಲ. ನಾನು ಮೊದಲು ಬರೆದಿದ್ದರಲ್ಲಿ ತಮ್ಮ ಜೈಲಿನಿಂದ ಬಂದು, ಬಾಗಿಲು ತಟ್ಟಿ, ತಾಯಿಯ ಕೈಯಿಂದ ಸಾರು ಉಣ್ಣುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ಸೆನ್ಸಾರಿನವರು ಒಪ್ಪಲಿಲ್ಲ. ಕಳ್ಳನೊಬ್ಬ ತೆರೆಯ ಮೇಲೆ ಹಾಯಾಗಿ ಊಟ ಮಾಡಿಕೊಂಡು ಇರಬಾರದಂತೆ, ಶಿಕ್ಷೆ ಆಗಲೇಬೇಕಂತೆ. ಜೈಲು ಆಯಿತಲ್ಲ ಸ್ವಾಮಿ ಎಂದೆ. ಅದು ಕಥೆಗೆ ಮುಂಚೆ ಆದದ್ದು, ಪ್ರೇಕ್ಷಕರು ನೋಡಿಲ್ಲ ಎಂದರು. ಸರಿ, ಗುಂಡು ಹೊಡೆಸಿದೆವು. ಗುಂಡು ಹೊಡೆಸಬೇಕಾದರೆ ಅದಕ್ಕೆ ತಕ್ಕ ಪಾಪ ಬೇಡವೇ? ಅದಕ್ಕೆ ಹಗ್ಗ ಬಂತು. ತಾಯಿಯ ಪಾತ್ರ ಉದ್ದವಾಯಿತೆಂದು ನಿರ್ಮಾಪಕರು ಕಿತ್ತು ಹಾಕಿದರು. ಹೆಸರು, ಗಾಯ ಇವು ಬರೆಯುವಾಗ ಕೈಗೆ ಬಂದವು, ನಾನು ಬೇಕೆಂದು ಮಾಡಿದ್ದಲ್ಲ.

ಒಂದು ಮಾತು ಒಪ್ಪಿಕೋ. ಹಡಗಿನ ದೃಶ್ಯಗಳಲ್ಲಿ ಒಂದು ಚೂರೂ ಸುಳ್ಳಿಲ್ಲ. ಸ್ಟೀವ್ ಪಾತ್ರದ ನಟ ಹಗ್ಗವನ್ನು ಕಂಡೇ ಇರಲಿಲ್ಲ, ಸೊಂಟದ ಪಟ್ಟಿ ಹಿಡಿದ ಹಾಗೆ ಹಿಡಿದಿದ್ದ. ಪೀಡ್ರೊದವರು ನೋಡಿದರೆ ನಗುತ್ತಾರೆ ಎಂದು ನಾನೇ ಅವನ ಮುಂದೆ ನಿಂತು, ಹಗ್ಗ ಸುತ್ತುವುದು, ಎಸೆಯುವುದು ಎಲ್ಲ ಕಲಿಸಿದೆ. ಒಳ್ಳೆಯ ಹುಡುಗ. ನನ್ನ ಕೈಯನ್ನೇ ನೋಡುತ್ತಾ ಚೂರೂ ತಪ್ಪದ ಹಾಗೆ ಕಲಿತ. ಅಪ್ಪನಿಗೆ ನಾನು ಸಲ್ಲಿಸಿದ ಕಾಣಿಕೆ ಅದು ಎಂದು ತಿಳಿದುಕೊಂಡಿದ್ದೇನೆ.

ಅಮ್ಮನಿಗೆ ಸಿನಿಮಾದ ಸುದ್ದಿ ಹೇಳಬೇಡ. ಕೆಲಸ ಮುಗಿದ ಕೂಡಲೇ ಒಮ್ಮೆ ಬರುತ್ತೇನೆ.

ನಿನ್ನ,
ವಿಂಕೊ


ಸ್ಯಾನ್ ಪೀಡ್ರೊ
೨೭ ಆಗಸ್ಟ್ ೧೯೪೯

ವಿಂಕೊ,

ಸ್ಟೀಪೆ ಅನುಭವಿಸಿದ ಜೈಲು ಪ್ರೇಕ್ಷಕರು ನೋಡಿಲ್ಲ, ಅದಕ್ಕೆ ಅದು ಲೆಕ್ಕಕ್ಕಿಲ್ಲ! ಈ ಮಾತು ಕೇಳಿ ಸುಮ್ಮನೆ ಎದ್ದು ಬಂದೆಯಾ? ನಾನು ನೋಡಿದ್ದೇನೆ ಆ ಜೈಲನ್ನು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿ, ತಂತಿಬಲೆಯ ಆಚೆ ಅವನು, ಈಚೆ ನಾವು ಕೂತು ಮಾತಾಡಿದ್ದೇವೆ. ನಿಮ್ಮ ಸೆನ್ಸಾರಿನವರಿಗೆ ಸಾಕ್ಷಿ ಬೇಕಿದ್ದರೆ ನನ್ನನ್ನು ಕರೆಯಬಹುದಿತ್ತು.

ಇನ್ನು ನಿನ್ನ ಹಗ್ಗದ ಪಾಂಡಿತ್ಯ! ಅಪ್ಪ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನೀನು ಸುತ್ತಿಟ್ಟ ಹಗ್ಗವನ್ನು ಬಿಚ್ಚಿ ಮತ್ತೆ ಸುತ್ತುವುದೇ ಸ್ಟೀಪೆಗೆ ಒಂದು ಕೆಲಸವಾಗಿತ್ತು. ನಿನ್ನನ್ನು ಹಡಗಿನಿಂದ ಇಳಿಸಿ ಕಾಲೇಜಿಗೆ ಕಳಿಸಿದ್ದು ಯಾಕೆಂದು ಮರೆತೆಯಾ?

ವಿಷಯಕ್ಕೆ ಬರುತ್ತೇನೆ. ಬಾರ್ಬಾ ಲುಕ್ಷಾ ನಿನ್ನೆ ಮನೆಗೆ ಬಂದಿದ್ದರು. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು, ಕೂರಲಿಲ್ಲ. "ಪೆರಿನಾ, ನಂಗೇನೂ ಇಲ್ಲಮ್ಮ. ಹುಡುಗರು ಹಿಂದೇಟು ಹಾಕ್ತಿದಾರೆ. ನೀರಿನ್ ಮೇಲೆ ಹಗ್ಗದ ಆ ತುದಿ ಹಿಡ್ದೋನ್ ಮೇಲೆ ನಂಬಿಕೆ ಇರ್ಬೇಕಲ್ಲ" ಎಂದರು.

"ಅದು ಸಿನಿಮಾ ಬಾರ್ಬಾ! ಕಟ್ಟುಕಥೆ!" ಎಂದೆ.

"ನಂಗೂ ಗೊತ್ತು. ಆದ್ರೆ ಅವರು ಏನಂತಾರೆ ಗೊತ್ತಾ? ಬರ್ದಿರೋನು ಹೊರಗಿನೋನಲ್ಲ, ಸ್ವಂತ ಅಣ್ಣ. ಒಡಹುಟ್ಟಿದೋನ್ ಮೇಲೆ ಯಾರಾದ್ರೂ ಇಷ್ಟು ದೊಡ್ಡ ಸುಳ್ಳು ಹೇಳ್ತಾರಾ, ಮನೆಯೋರು ಮುಚ್ಚಿಟ್ಟಿರೋದು ಏನೋ ಇರ್ಬೇಕು ಅಂತಾರೆ."

ಇದಕ್ಕೆ ಉತ್ತರ ನಿನ್ನ ಹತ್ತಿರ ಇದ್ದರೆ ಬಂದು ಹೇಳು. ಟ್ರಾಮ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತೀಯ. ಮೀನುಗಾರರ ಹಾಲ್‌ನಲ್ಲಿ ಎಲ್ಲರ ಎದುರು ನಿಂತು, "ಹಗ್ಗದ ಕಥೆ ಸುಳ್ಳು, ನಾನು ಕಟ್ಟಿದ್ದು" ಎಂದು ಒಂದೇ ಮಾತು ಹೇಳು. ನಿನ್ನನ್ನು ಬೇರೇನೂ ಕೇಳುವುದಿಲ್ಲ.

ಪೆರಿನಾ


ಸ್ಯಾನ್ ಪೀಡ್ರೊ
೫ ಸೆಪ್ಟೆಂಬರ್ ೧೯೪೯

ಅಣ್ಣ,

ಅಕ್ಕ ನಿನಗೆ ಬರೆದಿದ್ದಾಳೆಂದು ಗೊತ್ತಾಯಿತು. ನನಗೋಸ್ಕರ ಬರಬೇಡ. ನಾನು ಯಾರನ್ನೂ ಬೇಡಿಕೊಂಡಿಲ್ಲ.

ಸಿನಿಮಾ ನಾನು ನೋಡಿಲ್ಲ, ನೋಡುವುದೂ ಇಲ್ಲ. ಸದ್ಯದಲ್ಲೇ ಇಲ್ಲಿಗೂ ಬರುತ್ತದೆಂದು ಚಿತ್ರಮಂದಿರದ ಹೊರಗೆ ಆ ನಟನ ಪಟ ಹಾಕಿದ್ದಾರೆ. ಸುಂದರವಾಗಿದ್ದಾನೆ, ಅದಕ್ಕೆ ಥ್ಯಾಂಕ್ಸ್. ಆದರೆ ಗಾಯ ಎಡಹುಬ್ಬಿನ ಮೇಲಿದೆ. ನನ್ನದು ಬಲಹುಬ್ಬು. ನನ್ನ ಮುಖ ನೋಡಿ ಎಷ್ಟು ವರ್ಷ ಆಯಿತೆಂದು ನಿನಗೆ ನೆನಪಿರಲಿಕ್ಕಿಲ್ಲ.

ಬೇರೆಯವರ ಹರಿದ ಬಲೆ ಹೊಲಿದುಕೊಂಡಿದ್ದೇನೆ. ಇದು ಕಾಯಂ ಕೆಲಸ ಅಲ್ಲ ಎನ್ನುತ್ತಾನೆ ಅಧಿಕಾರಿ. ಬಂದರಿನ ಕಟ್ಟೆಯ ಮೇಲೆ ಕೂತಿದ್ದರೆ ಚಿಕ್ಕ ಹುಡುಗರು ಬಂದು ಗುಂಡು ಹೊಡೆಯುವ ಹಾಗೆ ಬೆರಳು ತೋರಿಸಿ, "ಸತ್ತೆ ಸ್ಟೀವ್!" ಎಂದು ಓಡುತ್ತಾರೆ. ಮೊದಮೊದಲು ನಾನೂ ಎದೆ ಹಿಡಿದು ಬೀಳುತ್ತಿದ್ದೆ. ಈಗ ಬೇಜಾರಾಗಿದೆ.

ಸ್ಟೀಪೆ


ಹಾಲಿವುಡ್
೧೯ ಸೆಪ್ಟೆಂಬರ್ ೧೯೪೯

ಪ್ರೀತಿಯ ಅಕ್ಕನಿಗೆ,

ತಡವಾಯಿತು, ಕ್ಷಮಿಸು. ಹಾಲ್‌ನಲ್ಲಿ ನಿಂತು ಮಾತಾಡುವ ವಿಚಾರವನ್ನು ಸ್ಟುಡಿಯೊದ ವಕೀಲರ ಹತ್ತಿರ ಕೇಳಿದೆ. ಅವರು ಕುರ್ಚಿಯಿಂದ ಬೀಳುವುದೊಂದು ಬಾಕಿ. ಇಂಥ ನಿಜವಾದ ಮನುಷ್ಯನೊಬ್ಬ ಇದ್ದಾನೆ ಎಂದು ನಾನು ಬಾಯಿಬಿಟ್ಟರೆ ನಾಳೆ ಅವನು ಕೇಸು ಹಾಕಬಹುದಂತೆ, ನನ್ನ ಕರಾರು ಹರಿದು ಕೈಗೆ ಕೊಡುತ್ತಾರಂತೆ. ನಮ್ಮ ಸ್ಟೀಪೆ ಕೇಸು ಹಾಕುವವನಲ್ಲ ಎಂದೆ. ಹಾಗಾದರೆ ಅಂಥವನಿದ್ದಾನೆ ಎಂದು ಒಪ್ಪಿದ ಹಾಗಾಯಿತಲ್ಲ ಎಂದರು.

ಇದರ ಜೊತೆಗೆ ಸ್ಟುಡಿಯೊದ ಕಾಗದವೊಂದನ್ನು ಇಟ್ಟಿದ್ದೇನೆ. ಸಿನಿಮಾದ ಪಾತ್ರಗಳೆಲ್ಲ ಕಾಲ್ಪನಿಕ, ಬದುಕಿರುವ ಯಾರಿಗೂ ಸಂಬಂಧವಿಲ್ಲ ಎಂದು ಅಚ್ಚುಕಟ್ಟಾಗಿ ಟೈಪ್ ಮಾಡಿಸಿದೆ. ಬಾರ್ಬಾ ಲುಕ್ಷಾ ಅವರಿಗೆ ತೋರಿಸು. ಇದರಿಂದ ಕೆಲಸ ಆಗುತ್ತದೆ.

ಅಮ್ಮನಿಗೆ ಒಂದು ಉಣ್ಣೆಯ ಶಾಲು ಕಳಿಸುತ್ತಿದ್ದೇನೆ.

ನಿನ್ನ,
ವಿಂಕೊ


ಸ್ಯಾನ್ ಪೀಡ್ರೊ
೧೦ ಅಕ್ಟೋಬರ್ ೧೯೪೯

ವಿಂಕೊ,

ನಿನ್ನ ಸ್ಟುಡಿಯೊ ಕಾಗದವನ್ನು ಬಾರ್ಬಾ ಲುಕ್ಷಾ ಬೆರಳಲ್ಲಿ ಉಜ್ಜಿ, "ಪೇಪರ್ ಚೆನ್ನಾಗಿದೆ" ಎಂದು ವಾಪಸ್ ಕೊಟ್ಟರು. ಬದುಕಿರುವ ಯಾರಿಗೂ ಸಂಬಂಧವಿಲ್ಲವಂತೆ! ಒಡಹುಟ್ಟಿದವರಿಗೆ ಸಂಬಂಧವಿಲ್ಲ ಎಂದು ಟೈಪ್ ಮಾಡಿಸಿ ಕಳಿಸುವ ತಮ್ಮ ನನಗೊಬ್ಬಳಿಗೇ ಇರುವುದು. ಅದಕ್ಕೇ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆದರೆ ಕೆಟ್ಟ ಮಾತು ಬರುತ್ತಿತ್ತು.

ಈಗ ಬರೆಯುವುದಕ್ಕೆ ಕಾರಣವಿದೆ. ಮೊನ್ನೆ ಶುಕ್ರವಾರ ಹುಣ್ಣಿಮೆ. ಬೆಳದಿಂಗಳಲ್ಲಿ ಭೂತಾಯಿ ಮೀನು ಸಿಗುವುದಿಲ್ಲವಾದ್ದರಿಂದ ಸೀಸನ್ ಇನ್ನೂ ಶುರುವಾಗಿರಲಿಲ್ಲ, ಹಡಗುಗಳೆಲ್ಲ ಬಂದರಿನಲ್ಲೇ ಇದ್ದವು. ಗಂಡಸರಿಗೆ ಮಾಡಲು ಕೆಲಸವಿಲ್ಲ. ಅದನ್ನು ನೋಡಿಕೊಂಡೇ ಚಿತ್ರಮಂದಿರದವನು ನಿನ್ನ ಸಿನಿಮಾ ಇಲ್ಲಿಗೆ ತರಿಸಿದ್ದಾನೆ. ಶನಿವಾರ ಮಧ್ಯಾಹ್ನದ ಆಟಕ್ಕೆ ಊರಿಗೆ ಊರೇ ನುಗ್ಗಿತು.

ಅಮ್ಮನಿಗೆ ನಾನು ಹೇಳಿರಲಿಲ್ಲ. ಆದರೆ ನೆರೆಮನೆಯ ಫಾನಿ ಚಿಕ್ಕಮ್ಮನ ಬಾಯಿಗೆ ಬೀಗ ಹಾಕುವವರು ಯಾರು? "ನಿನ್ ಮಗ ಬರ್ದಿರೋದು, ನೀನೇ ನೋಡ್ದಿದ್ರೆ ಹೆಂಗೆ, ಏಳು" ಎಂದು ಎಬ್ಬಿಸಿಕೊಂಡು ಹೊರಟಳು. ಅಮ್ಮ ನೀನು ಕಳಿಸಿದ ಶಾಲು ಹೊದ್ದು, ಬೇಡ ಬೇಡ ಎಂದರೂ ಕೇಳದೆ ಮುಂದಿನ ಸಾಲಿನಲ್ಲೇ ಕೂತಳು. ಹಿಂದೆ ಎರಡು ಸಾಲು ಬಾರ್ಬಾ ಲುಕ್ಷಾ ಹಡಗಿನವರು. ನಾನು ಅಮ್ಮನ ಪಕ್ಕ ಕೂತು ಕೈ ಹಿಡಿದುಕೊಂಡಿದ್ದೆ. ಸ್ಟೀಪೆ ಬರಲಿಲ್ಲ.

ಅಮ್ಮನ ಇಂಗ್ಲಿಷು ನಿನಗೆ ಗೊತ್ತಲ್ಲ, ಅಂಗಡಿಗೆ ಸಾಕು, ಸಿನಿಮಾಕ್ಕೆ ಸಾಲದು. ಯಾರು ಕೆಟ್ಟವನು, ಯಾರು ಒಳ್ಳೆಯವನು ಅವಳಿಗೆ ಗೊತ್ತಿಲ್ಲ. ಸುಮ್ಮನೆ ಹಡಗು ನೋಡುತ್ತಿದ್ದಳು. ಆಗ ಆ ಸ್ಟೀವ್ ಹಡಗಿನ ಮೇಲೆ ಬಂದು ಹಗ್ಗ ಕೈಗೆತ್ತಿಕೊಂಡು ಸುತ್ತತೊಡಗಿದ. ಅಮ್ಮ ನನ್ನ ಹಿಡಿತದಿಂದ ಕೈ ಕಿತ್ತುಕೊಂಡು ಎದ್ದು ನಿಂತಳು.

"ಅಯ್ಯೋ, ನಮ್ ವಿಂಕೊ!" ಎಂದು ಕೂಗಿದಳು. "ನೋಡ್ರೇ, ನನ್ ಮಗ ಬಂದ! ನೋಡೇ ಫಾನಿ, ಎಡಗೈ! ಅವರಪ್ಪ ಬೈದೂ ಬೈದೂ ಸಾಕಾದ್ರು, ಸೂರ್ಯ ಹೋಗೋ ದಿಕ್ಕಿಗೆ ಎದುರು ಸುತ್ತಬೇಡ್ವೋ ಅಂತ!"

ಅಷ್ಟು ಸಂತೋಷ ಅವಳ ದನಿಯಲ್ಲಿ ನಾನು ಕೇಳಿ ವರ್ಷಗಳಾಗಿದ್ದವು.

ವಿಂಕೊ, ನಾನು ಮೊದಲ ಸಲ ನೋಡಿದಾಗ ಸಿಟ್ಟಿನಲ್ಲಿ ಆ ಗಾಯ ಬಿಟ್ಟು ಬೇರೇನೂ ಕಣ್ಣಿಗೆ ಬಿದ್ದಿರಲಿಲ್ಲ. ಈಗ ನೋಡಿದೆ. ಎಡಗೈಯಲ್ಲಿ ಹಿಡಿದು, ನಮ್ಮವರು ಯಾರೂ ಸುತ್ತದ ದಿಕ್ಕಿಗೆ ಸುತ್ತಿ, ಕೊನೆಯಲ್ಲಿ ತುದಿಯನ್ನು ತೊಡೆಗೆ ಪಟ್ ಎಂದು ಹೊಡೆಯುತ್ತಾನೆ. ಅದೆಲ್ಲ ನೀನೇ. ಚೂರೂ ತಪ್ಪದ ಹಾಗೆ ಕಲಿತ ಎಂದು ನೀನೇ ಬರೆದಿದ್ದೆಯಲ್ಲ, ನಿಜ, ಅವನು ಚೂರೂ ತಪ್ಪಿಲ್ಲ.

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಒಬ್ಬ ಕಿಸಕ್ಕನೆ ನಕ್ಕ. ಹಡಗಿನ ಅಡುಗೆಯವನು ಮುದುಕ ಯೆರ್ಕೊ, ಹಿಂದೆ ಅಪ್ಪನ ಹಡಗಿನಲ್ಲಿದ್ದನಲ್ಲ, ಅವನು ಜೋರಾಗಿಯೇ ಹೇಳಿದ: "ಹೌದಲ್ರೋ! ಆ ಕಡೆಗೆ ಹಗ್ಗ ಸುತ್ತೋನು ಪೀಡ್ರೊದಲ್ಲೇ ಒಬ್ನಿದ್ದ. ಅವನು ನೀರಿಗೆ ಬಿದ್ದಾಗ ಹಾರಿ ಎಳ್ದೋನು ಚಿಕ್ಕೋನು, ನಾನೇ ಹುಬ್ಬಿಗೆ ಬಟ್ಟೆ ಕಟ್ಟಿದ್ದೆ!"

ಆಮೇಲೆ ಆ ಎಡಗೈ ಚಾಕು ತೆಗೆದು ಹಗ್ಗ ಕಡಿಯಿತು. ಅಮ್ಮ ನಿಂತಿದ್ದವಳು ಮೆಲ್ಲಗೆ ಕೂತಳು. ಕೊನೆಯವರೆಗೂ ಒಂದು ಮಾತಾಡಲಿಲ್ಲ.

ಹೊರಗೆ ಬಂದ ಮೇಲೆ ಯೆರ್ಕೊನನ್ನು ನಿಲ್ಲಿಸಿ, "ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?" ಎಂದು ಕೇಳಿದೆ. "ಸ್ವಂತ ಅಣ್ಣ ಬರ್ದಿದಾನಲ್ಲ ತಾಯಿ, ಆಮೇಲೆ ಇನ್ನೇನಾದ್ರೂ ನಡೆದಿರ್ಬೋದು ಅಂದ್ಕೊಂಡೆ" ಎಂದ. ನಿನ್ನ ಮಾತಿಗೆ ಇಲ್ಲಿ ಎಷ್ಟು ಬೆಲೆಯಿತ್ತು ನೋಡು. ಕಣ್ಣಾರೆ ಕಂಡವನೂ ತನ್ನ ಕಣ್ಣನ್ನು ಬಿಟ್ಟು ನಿನ್ನನ್ನು ನಂಬಿದ.

ಬಾರ್ಬಾ ಲುಕ್ಷಾ ಅಲ್ಲಿಂದ ಸೀದಾ ಕಟ್ಟೆಗೆ ಹೋದರು. ಬಲೆ ಹೊಲಿಯುತ್ತಿದ್ದ ಸ್ಟೀಪೆಯ ಮುಂದೆ ನಿಂತು, "ನಿಮ್ಮಣ್ಣ ನಿನ್ ಕಥೆ ಬರ್ದಿಲ್ಲ ಕಣೋ, ತನ್ ಕಥೆ ಬರ್ಕೊಂಡಿದಾನೆ. ಬೆಳದಿಂಗಳು ಕಳೀಲಿ, ಹೊರಡೋಣ. ಹುಡುಗರೆಲ್ಲ ಹೂಂ ಅಂದಿದಾರೆ, ಮೇಜಲ್ಲಿ ಜಾಗ ಮಾಡ್ಸಿದೀನಿ" ಎಂದರಂತೆ. ಪೆರೋಲ್ ಅಧಿಕಾರಿಗೆ ಅವರೇ ಸಹಿ ಹಾಕಿ ಕೊಟ್ಟಿದ್ದಾರೆ.

ಸ್ಟೀಪೆ ಮನೆಗೆ ಬಂದು ಊಟಕ್ಕೆ ಕೂತ. ಸಂತೋಷಪಡಬೇಕಾದವನು ತಟ್ಟೆ ನೋಡುತ್ತಾ, "ಅಣ್ಣನ್ನ ಎಲ್ರೂ ಬೈತಿದಾರಕ್ಕ" ಎಂದ. ಅವನಿಗೂ ಎರಡು ಬಿಗಿಯಬೇಕೆನಿಸಿತು.

ಪೆರಿನಾ


ಹಾಲಿವುಡ್
೧೪ ಅಕ್ಟೋಬರ್ ೧೯೪೯

ಅಕ್ಕ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಸ್ಟೀಪೆಗೆ ಜಾಗ ಸಿಕ್ಕಿತಲ್ಲ, ಅಷ್ಟು ಸಾಕು.

ಒಂದೇ ಒಂದು ಕೇಳುತ್ತೇನೆ, ಮುಚ್ಚಿಡದೆ ಬರೆ. ಹಗ್ಗ ಕಡಿದ ಮೇಲೆ ಅಮ್ಮ ಸುಮ್ಮನೆ ಕೂತಳು ಎಂದೆ. ಮನೆಗೆ ಬಂದ ಮೇಲೆ ಏನು ಹೇಳಿದಳು? ನನ್ನನ್ನು ಬೈದಳೇ? ಬೈದಿದ್ದರೆ ಬೈದದ್ದನ್ನೇ ಬರೆ.

ವಿಂಕೊ


ಸ್ಯಾನ್ ಪೀಡ್ರೊ
೧೮ ಅಕ್ಟೋಬರ್ ೧೯೪೯

ವಿಂಕೊ,

ಬೈದಿದ್ದರೆ ಸಂತೋಷವಾಗಿ ಬರೆಯುತ್ತಿದ್ದೆ. ಅವಳ ಪರವಾಗಿ ನಾನೂ ನಾಲ್ಕು ಸೇರಿಸುತ್ತಿದ್ದೆ.

ಮನೆಗೆ ಬಂದವಳು ಶಾಲು ಬಿಚ್ಚಿ ಮಡಿಸಲೂ ಇಲ್ಲ. ಅಡುಗೆಮನೆಯ ಕುರ್ಚಿಯ ಮೇಲೆ ಕೂತು, ಬಹಳ ಹೊತ್ತಾದ ಮೇಲೆ ನನ್ನನ್ನು ಕರೆದಳು. "ಕೊನೇಲಿ ಪೊಲೀಸ್ನೋರು ಅವನಿಗೆ ಗುಂಡು ಹೊಡೆದ್ರಲ್ಲೇ. ವಿಂಕೊ ಹುಷಾರಾಗಿದಾನಾ? ಒಂದ್ಸಲ ಫೋನ್ ಮಾಡಿ ಕೇಳೇ" ಎಂದಳು.

ಅದು ಬರೀ ಆಟ, ಅವನು ಯಾರೋ ನಟ, ವಿಂಕೊಗೆ ಏನೂ ಆಗಿಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ತಲೆಯಾಡಿಸುತ್ತಾಳೆ, ನಂಬುವುದಿಲ್ಲ. "ಏನೂ ಆಗಿಲ್ದಿದ್ರೆ ಬರ್ತಿದ್ನಲ್ಲ" ಎನ್ನುತ್ತಾಳೆ. ಈ ಮಾತಿಗೆ ಉತ್ತರ ಏನೆಂದು ನಿನ್ನ ವಕೀಲರನ್ನು ಕೇಳಿ ನೋಡು. ಅಪ್ಪ ಹೋದಾಗ ಬರಲಿಲ್ಲ, ಹೂವು ಕಳಿಸಿದೆ. ಸ್ಟೀಪೆ ಜೈಲಿನಿಂದ ಬಂದಾಗ ಬರಲಿಲ್ಲ, ಕೋಟು ಕಳಿಸಿದೆ. ಈಗ ಶಾಲು. ನನ್ನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ, ಬಹುಶಃ ಇಳಿಯುವುದೂ ಇಲ್ಲ.

ಸ್ಟೀಪೆಯ ಹಡಗು ದಿನಾ ಸಂಜೆ ಹೊರಟು ಬೆಳಿಗ್ಗೆ ವಾಪಸ್ ಬರುತ್ತಿದೆ. ಅಪ್ಪನ ಕಾಲದಲ್ಲಿದ್ದ ಹಾಗೆ ಮನೆಯವರು ಒಬ್ಬರು ಕಟ್ಟೆಯ ಮೇಲೆ ನಿಂತಿರಬೇಕು, ಅವನು ಎಸೆದ ಹಗ್ಗ ಹಿಡಿದು ಗೂಟಕ್ಕೆ ಕಟ್ಟಬೇಕು. ಈಗ ನಾನು ಹೋಗುತ್ತಿದ್ದೇನೆ. ಆಮೇಲೆ ಕಾರ್ಖಾನೆಗೆ ಓಡಿದರೆ ಅಲ್ಲಿ ಮೇಸ್ತ್ರಿ ಮುಖ ಗಂಟು ಹಾಕಿಕೊಂಡಿರುತ್ತಾನೆ.

ಶನಿವಾರ ಬೆಳಿಗ್ಗೆ ನಾನು ಕಟ್ಟೆಗೆ ಹೋಗುವುದಿಲ್ಲ. ಸ್ಟೀಪೆಗೂ ಹೇಳಿದ್ದೇನೆ. "ಹಂಗಾದ್ರೆ ಹಗ್ಗ ಯಾರು ಹಿಡೀತಾರೆ?" ಎಂದು ಕೇಳಿದ. ನಿಮ್ಮಣ್ಣ ಎಂದೆ. ಬೂಟು ಹಾಕಿಕೊಳ್ಳುತ್ತಾ, "ಅವನು ಎಡಚ, ಆ ಕಡೆಗೆ ಎಸೀತೀನಿ" ಎಂದ.

ಪೆರಿನಾ